ಮೈಸೂರು–ಕಣ್ಣೂರು ವಿಮಾನ ನಿಲ್ದಾಣಗಳ ದೂರ ಮತ್ತು ಹಾರಾಟದ ಸಮಯ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ರೈಲು ನಿಲ್ದಾಣವೂ ಇಲ್ಲ. ಆದರೆ ಜಿಲ್ಲೆಯ ಸುತ್ತ ಮೂರು ಏರ್‌ಪೋರ್ಟ್‌ಗಳಿವೆ. ಪೂರ್ವಕ್ಕೆ ಮೈಸೂರು, ನೈರುತ್ಯಕ್ಕೆ ಕಣ್ಣೂರು, ವಾಯವ್ಯಕ್ಕೆ ಮಂಗಳೂರು. ಇವುಗಳಲ್ಲಿ ಮೈಸೂರು ಮತ್ತು ಕಣ್ಣೂರಿನ ಬಗ್ಗೆಯೇ ಜಾಸ್ತಿ ಗೊಂದಲ. ಎರಡರ ನಡುವೆ ಕೊಡಗು ಕೂತಿದೆ. ಹಾಗಾಗಿ ಆ ದೂರದ ಲೆಕ್ಕ ಬೇರೆ ಯಾರಿಗಿಂತಲೂ ನಮಗೇ ಹೆಚ್ಚು ಬೇಕು. ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ರಸ್ತೆಯ ದೂರಗಳು ಸುಮಾರು ಲೆಕ್ಕದವು. ನಿಮ್ಮ ತೋಟದ ಗೇಟು ಎಲ್ಲಿದೆ ಅನ್ನುವುದರ ಮೇಲೆ ಹತ್ತಾರು ಕಿಲೋಮೀಟರ್ ವ್ಯತ್ಯಾಸ ಬರಬಹುದು.

ಮೈಸೂರು ಏರ್‌ಪೋರ್ಟ್‌ನಿಂದ ಕಣ್ಣೂರು ಏರ್‌ಪೋರ್ಟ್‌ಗೆ ಎಷ್ಟು ದೂರ?

ನೇರ ಗೆರೆ ಎಳೆದರೆ ಸುಮಾರು 125 ಕಿಲೋಮೀಟರ್. ವಿಮಾನದವರ ಲೆಕ್ಕದಲ್ಲಿ ಸುಮಾರು 68 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್.

ಮೈಸೂರಿನ ನಿಲ್ದಾಣ ಇರುವುದು ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲಿ. ಕಣ್ಣೂರಿನದು ಕಣ್ಣೂರು ಪಟ್ಟಣದಲ್ಲಿಲ್ಲ, ಒಳನಾಡಿನ ಮಟ್ಟನೂರಿನ ಹತ್ತಿರ ಇದೆ. ಇದನ್ನು ಗಮನಿಸದೆ ಕಣ್ಣೂರು ಪಟ್ಟಣಕ್ಕೆ ಲೆಕ್ಕ ಹಾಕುವವರು ತುಂಬ ಜನ. ವಿರಾಜಪೇಟೆ ಕಡೆಯಿಂದ ಹೋಗುವಾಗ ಪಟ್ಟಣಕ್ಕಿಂತ ಮೊದಲೇ ಏರ್‌ಪೋರ್ಟ್ ಸಿಗುತ್ತದೆ. ಅಂದರೆ ನೀವು ಅಂದುಕೊಂಡದ್ದಕ್ಕಿಂತ ಅದು ನಮಗೆ ಹತ್ತಿರ.

ಆ ಗೆರೆ ಕೊಡಗಿನ ಮೇಲೇ ಹಾದುಹೋಗುತ್ತದಾ?

ಹೌದು. ಮಂಡಕಳ್ಳಿಯಿಂದ ಹೊರಟ ಗೆರೆ ನಾಗರಹೊಳೆ ಕಾಡು ದಾಟಿ, ಶ್ರೀಮಂಗಲದ ಆಸುಪಾಸಿನ ಕಾಫಿ ತೋಟ, ಗದ್ದೆಗಳ ಮೇಲೆ ಬಂದು, ಬ್ರಹ್ಮಗಿರಿ ಸಾಲು ದಾಟಿ ಕೇರಳದ ಕಡೆ ಇಳಿಯುತ್ತದೆ. ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಕಣ್ಣೂರಿನ ರನ್‌ವೇ ಗೆರೆಯನ್ನು ಹಾಗೆಯೇ ಪೂರ್ವಕ್ಕೆ ಎಳೆಯುತ್ತಾ ಹೋದರೆ ಅದು ಹೆಚ್ಚೂಕಡಿಮೆ ಮೈಸೂರಿನ ದಿಕ್ಕಿಗೇ ಹೋಗುತ್ತದೆ. ಮೈಸೂರಿನ ರನ್‌ವೇ ಕೂಡ ಪೂರ್ವ–ಪಶ್ಚಿಮವಾಗಿಯೇ ಇದೆ. ಪಶ್ಚಿಮದ ಗಾಳಿ ಬೀಸುವ ದಿನ ಮೈಸೂರಿನಿಂದ ನೇರ ಎದ್ದ ವಿಮಾನ ಜಾಸ್ತಿ ತಿರುಗದೆ ಕಣ್ಣೂರಿನಲ್ಲಿ ನೇರ ಇಳಿಯಬಹುದು. ಹಾರಾಟಕ್ಕೆ ಇಷ್ಟು ಅನುಕೂಲವಾದ ಜೋಡಿ ಸಿಗುವುದು ಅಪರೂಪ.

ಹಾರಾಟಕ್ಕೆ ಎಷ್ಟು ಹೊತ್ತು ಬೇಕು? ಒಂದು ಕಡೆ 10 ನಿಮಿಷ ಅಂತಾರೆ, ಇನ್ನೊಂದು ಕಡೆ 40 ನಿಮಿಷ ಅಂತಾರೆ.

ಎರಡೂ ಲೆಕ್ಕದಿಂದ ಬಂದ ಸಂಖ್ಯೆಗಳೇ. ಲೆಕ್ಕ ಹಾಕಿದ ರೀತಿ ಬೇರೆ, ಅಷ್ಟೆ.

10 ನಿಮಿಷ ಅನ್ನುವುದು ಗಂಟೆಗೆ 800 ಕಿಲೋಮೀಟರ್ ವೇಗದ ಜೆಟ್ ವಿಮಾನವನ್ನು ಮನಸ್ಸಿನಲ್ಲಿಟ್ಟು ಮಾಡಿದ ಭಾಗಾಕಾರ. 125 ಕಿಲೋಮೀಟರ್‌ಗೆ ಒಂಬತ್ತೂವರೆ ನಿಮಿಷ ಬರುತ್ತದೆ. ಆದರೆ ಯಾವ ವಿಮಾನವೂ ರನ್‌ವೇ ಮೇಲೆ ನಿಂತಲ್ಲಿಂದಲೇ ಆ ವೇಗ ಹಿಡಿಯುವುದಿಲ್ಲ. ಏರಬೇಕು, ಇಳಿಯಬೇಕು. ಇಷ್ಟು ಕಡಿಮೆ ದೂರದಲ್ಲಿ ಏರುವುದು ಮುಗಿಯುವ ಹೊತ್ತಿಗೆ ಇಳಿಯುವುದು ಶುರುವಾಗಿರುತ್ತದೆ. ಪೂರ್ತಿ ವೇಗದಲ್ಲಿ ಹಾರುವ ಭಾಗ ಬಹಳ ಚಿಕ್ಕದು.

ಅದಕ್ಕಿಂತ ಮುಖ್ಯವಾಗಿ, ಮೈಸೂರಿನ ರನ್‌ವೇ ಉದ್ದ 1,740 ಮೀಟರ್ ಮಾತ್ರ. ಅಲ್ಲಿಗೆ ಬರುವುದು ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನಗಳು. ಎಟಿಆರ್‌ನ ವೇಗ ಹೆಚ್ಚೆಂದರೆ ಗಂಟೆಗೆ ಸುಮಾರು 510 ಕಿಲೋಮೀಟರ್. ಆ ವೇಗದಲ್ಲೇ ಹೋದರೂ 15 ನಿಮಿಷ ಬೇಕು. ಏರಿಳಿತ ಸೇರಿಸಿದರೆ ಗಾಳಿಯಲ್ಲಿ ಇರುವ ಸಮಯ 25ರಿಂದ 30 ನಿಮಿಷ. ಬಾಗಿಲು ಹಾಕಿ ರನ್‌ವೇ ತುದಿಗೆ ಹೋಗುವುದು, ಸರದಿಗೆ ಕಾಯುವುದು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಬರುವುದು ಎಲ್ಲ ಸೇರಿದರೆ 40–50 ನಿಮಿಷ. ವೇಳಾಪಟ್ಟಿಯಲ್ಲಿ ಹಾಕುವುದು ಈ ದೊಡ್ಡ ಸಂಖ್ಯೆಯನ್ನೇ. ನೀವು ನಂಬಬೇಕಾದದ್ದೂ ಅದನ್ನೇ.

ಹಾಗಾದರೆ ಎರಡರ ನಡುವೆ ನೇರ ವಿಮಾನ ಇದೆಯಾ?

ಇಲ್ಲ.

ನೇರ ವಿಮಾನ ಇಲ್ಲದಿದ್ದರೂ ವಿಮಾನದಲ್ಲೇ ಹೋಗಬೇಕೆಂದರೆ?

ದೊಡ್ಡ ಊರಿನ ಮೂಲಕ ಹೋಗಬೇಕು. ಮೈಸೂರಿನಿಂದ ಹೈದರಾಬಾದಿಗೆ ಸುಮಾರು 590 ಕಿಲೋಮೀಟರ್. ಅಲ್ಲಿಂದ ಕಣ್ಣೂರಿಗೆ ಸುಮಾರು 665. ಒಟ್ಟು 1,250ಕ್ಕೂ ಹೆಚ್ಚು. ಅಂದರೆ 125 ಕಿಲೋಮೀಟರ್ ದೂರಕ್ಕೆ ಹತ್ತು ಪಟ್ಟು ಸುತ್ತು. ಚೆನ್ನೈ ಮೂಲಕ ಹೋದರೂ 900 ಕಿಲೋಮೀಟರ್ ಆಗುತ್ತದೆ. ನಡುವೆ ಕಾಯುವ ಸಮಯವನ್ನೂ ಸೇರಿಸಿದರೆ ಅರ್ಧ ದಿನ ಹೋಗುತ್ತದೆ. ಅಷ್ಟರಲ್ಲಿ ಕಾರಿನಲ್ಲಿ ಹೋದವರು ಮನೆ ತಲುಪಿ ಊಟ ಮುಗಿಸಿರುತ್ತಾರೆ. ಈ ಎರಡು ಊರುಗಳ ನಡುವೆ ಹೋಗುವುದಕ್ಕೇ ವಿಮಾನ ಹುಡುಕಬೇಡಿ.

ಇಷ್ಟು ಹತ್ತಿರ ಇದ್ದೂ ಯಾಕೆ ಯಾರೂ ವಿಮಾನ ಬಿಡುವುದಿಲ್ಲ?

ಹತ್ತಿರ ಇರುವುದೇ ಕಾರಣ. ಒಂದು ವಿಮಾನಕ್ಕೆ ಅತಿ ಹೆಚ್ಚು ಇಂಧನ ಸುಡುವುದು ಏರುವಾಗ. ಇಳಿಯುವ ಶುಲ್ಕ, ನೆಲದ ಮೇಲಿನ ಕೆಲಸ ಎರಡೂ 125 ಕಿಲೋಮೀಟರ್ ಹಾರಿದರೂ ಅಷ್ಟೇ, 500 ಹಾರಿದರೂ ಹೆಚ್ಚೂಕಡಿಮೆ ಅಷ್ಟೇ. ಆದರೆ 125 ಕಿಲೋಮೀಟರ್‌ಗೆ ಪ್ರಯಾಣಿಕರು 500 ಕಿಲೋಮೀಟರಿನ ದುಡ್ಡು ಕೊಡುವುದಿಲ್ಲ. 70–78 ಸೀಟಿನ ಎಟಿಆರ್ ತುಂಬಿದರೂ ಖರ್ಚು ಹುಟ್ಟುವುದು ಕಷ್ಟ.

ಪ್ರಯಾಣಿಕರ ಕಡೆಯಿಂದಲೂ ನೋಡಿ. ಚೆಕ್‌-ಇನ್‌ಗಾಗಿ ಒಂದೂವರೆ ಗಂಟೆ ಮೊದಲೇ ಹೋಗಬೇಕು. ಹಾರಾಟ 45 ನಿಮಿಷ. ಲಗೇಜು ಬರಲು ಇನ್ನಷ್ಟು ಹೊತ್ತು. ಎರಡೂ ಕಡೆ ಟ್ಯಾಕ್ಸಿ ಬೇರೆ. ಎಲ್ಲ ಕೂಡಿದರೆ ಕಾರಿನ ಸಮಯದ ಹತ್ತಿರ ಹತ್ತಿರವೇ ಬರುತ್ತದೆ. ಹಾಗಿರುವಾಗ ಯಾರು ಟಿಕೆಟ್ ತೆಗೆಯುತ್ತಾರೆ?

ಮೈಸೂರು–ಮಂಗಳೂರು ನಡುವೆ ಅಲಯನ್ಸ್ ಏರ್ 2020ರ ಡಿಸೆಂಬರ್‌ನಲ್ಲಿ ವಿಮಾನ ಶುರು ಮಾಡಿತ್ತು. ಅದೂ ಉಳಿಯಲಿಲ್ಲ. ಅಲ್ಲಿ ನೇರ ದೂರವೇ 208 ಕಿಲೋಮೀಟರ್, ನಡುವೆ ಘಟ್ಟವೂ ಇದೆ. ಅಂಥ ದಾರಿಯೇ ಉಳಿಯದಿದ್ದ ಮೇಲೆ ಅದಕ್ಕಿಂತ ಚಿಕ್ಕ ದಾರಿಗೆ ಕಂಪನಿಗಳು ಮುಂದೆ ಬರುವುದು ಕಷ್ಟ.

ಉಡಾನ್ ಯೋಜನೆಯಲ್ಲಿ ಸೇರಿಸಬಹುದಲ್ವಾ?

ಉಡಾನ್ ಯೋಜನೆಯ ಮೊದಲ ವಿಮಾನ ಹಾರಿದ್ದು 2017ರ ಏಪ್ರಿಲ್ 27ರಂದು, ಶಿಮ್ಲಾ ಮತ್ತು ದೆಹಲಿ ನಡುವೆ. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಕೆಲವು ಸೀಟುಗಳನ್ನು 2,500 ರೂಪಾಯಿ ಮಿತಿಯಲ್ಲಿ ಕೊಟ್ಟು, ನಷ್ಟವನ್ನು ಸರ್ಕಾರ ತುಂಬಿಕೊಡುವ ಯೋಚನೆ ಅದು. ಶುರುವಿನ ನಿಯಮದಲ್ಲಿ ದೂರ 200ರಿಂದ 800 ಕಿಲೋಮೀಟರ್ ಒಳಗೆ ಇರಬೇಕಿತ್ತು. 125 ಕಿಲೋಮೀಟರ್ ಆ ಕೆಳಮಿತಿಗೂ ಬರುವುದಿಲ್ಲ. ಗುಡ್ಡಗಾಡು, ದ್ವೀಪ, ದೂರದ ಪ್ರದೇಶಗಳಿಗೆ ಕೆಳಮಿತಿಯ ವಿನಾಯಿತಿ ಇತ್ತು. ಆದರೆ ಒಳ್ಳೆಯ ರಸ್ತೆ, ರೈಲು ಎರಡೂ ಇರುವ ಮೈಸೂರನ್ನು ದೂರದ ಪ್ರದೇಶ ಅನ್ನಲು ಆಗುವುದಿಲ್ಲ.

ರಸ್ತೆಯಲ್ಲಿ ಮೈಸೂರು ಏರ್‌ಪೋರ್ಟ್‌ನಿಂದ ಕಣ್ಣೂರು ಏರ್‌ಪೋರ್ಟ್‌ಗೆ ಎಷ್ಟು?

ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ ದಾರಿಯಲ್ಲಿ ಸುಮಾರು 170 ಕಿಲೋಮೀಟರ್. ನಾಲ್ಕೂವರೆಯಿಂದ ಐದು ಗಂಟೆ ಇಟ್ಟುಕೊಳ್ಳಿ. ಹುಣಸೂರಿನಿಂದ ನಾಗರಹೊಳೆ ಒಳಗೆ ಹಾದು ಕುಟ್ಟಕ್ಕೆ ಬರುವ ರಸ್ತೆ ನಕ್ಷೆಯಲ್ಲಿ ಆಕರ್ಷಕವಾಗಿ ಕಾಣುತ್ತದೆ. ಆದರೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಗೇಟು ಹಾಕಿರುತ್ತದೆ. ಮುಂಜಾನೆಯ ವಿಮಾನಕ್ಕೆ ಆ ದಾರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ನಾನು ಕೊಡಗಿನಲ್ಲಿದ್ದೇನೆ. ನನಗೆ ಯಾವ ಏರ್‌ಪೋರ್ಟ್ ಹತ್ತಿರ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಇಲ್ಲೇ ನೇರ ಗೆರೆಯ ದೂರ ಜನರನ್ನು ದಾರಿ ತಪ್ಪಿಸುತ್ತದೆ.

ಕುಶಾಲನಗರವನ್ನೇ ತೆಗೆದುಕೊಳ್ಳಿ. ನೇರ ಗೆರೆಯಲ್ಲಿ ಕಣ್ಣೂರು ಏರ್‌ಪೋರ್ಟ್ ಸುಮಾರು 75 ಕಿಲೋಮೀಟರ್. ಮೈಸೂರು ಏರ್‌ಪೋರ್ಟ್ ಸುಮಾರು 80. ಗೆರೆ ನೋಡಿದರೆ ಕಣ್ಣೂರೇ ಹತ್ತಿರ. ಆದರೆ ರಸ್ತೆಗೆ ಇಳಿದು ನೋಡಿ. ಮೈಸೂರಿಗೆ ಬಯಲು ದಾರಿ, ಸುಮಾರು 95 ಕಿಲೋಮೀಟರ್, ಎರಡು ಗಂಟೆ ಸಾಕು. ಕಣ್ಣೂರಿಗೆ ಸಿದ್ದಾಪುರ, ವಿರಾಜಪೇಟೆ ದಾಟಿ ಘಟ್ಟ ಇಳಿಯಬೇಕು. 100 ಕಿಲೋಮೀಟರ್ ಮೀರುತ್ತದೆ, ಮೂರು ಗಂಟೆಗೂ ಹೆಚ್ಚು ಬೇಕು. ಕುಶಾಲನಗರದವರಿಗೆ ಮೈಸೂರೇ ಸರಿ. ಮೈಸೂರಿನಿಂದ ಬೇಕಾದ ಊರಿಗೆ ವಿಮಾನ ಇಲ್ಲದಿದ್ದರೆ ಬೆಂಗಳೂರು. ಅದು 250 ಕಿಲೋಮೀಟರ್ ಮೀರುತ್ತದೆ, ಆದರೆ ಎಲ್ಲ ಊರಿಗೂ ವಿಮಾನ ಸಿಗುತ್ತದೆ. ಮೈಸೂರಿನಿಂದ ಬೆಂಗಳೂರು ಏರ್‌ಪೋರ್ಟ್‌ಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ.

ವಿರಾಜಪೇಟೆ, ಗೋಣಿಕೊಪ್ಪ, ಅಮ್ಮತ್ತಿ, ಪೊನ್ನಂಪೇಟೆ ಕಡೆಯವರಿಗೆ ಕಣ್ಣೂರು. ಇದರಲ್ಲಿ ಎರಡು ಮಾತಿಲ್ಲ. ವಿರಾಜಪೇಟೆಯಿಂದ ಏರ್‌ಪೋರ್ಟ್‌ಗೆ ಸುಮಾರು 60 ಕಿಲೋಮೀಟರ್. ದಾರಿ ಚೆನ್ನಾಗಿದ್ದರೆ ಎರಡು ಗಂಟೆ. ಗೋಣಿಕೊಪ್ಪದಿಂದ ಸುಮಾರು 75.

ಮಡಿಕೇರಿಯವರದ್ದು ನಡುವಿನ ಸ್ಥಿತಿ. ನೇರ ಗೆರೆಯಲ್ಲಿ ಕಣ್ಣೂರು 60, ಮೈಸೂರು 102, ಮಂಗಳೂರು 110 ಕಿಲೋಮೀಟರ್. ರಸ್ತೆಯಲ್ಲಿ ಅದು 90, 130, 140ರ ಆಸುಪಾಸಿಗೆ ಬರುತ್ತದೆ. ಬೇಸಿಗೆಯಲ್ಲಿ ಕಣ್ಣೂರಿಗೆ ಮೂರು ಗಂಟೆಯ ಒಳಗೆ ಹೋಗಬಹುದು. ನನ್ನ ಸಲಹೆ: ಅಕ್ಟೋಬರ್‌ನಿಂದ ಮೇ ತನಕ ಕಣ್ಣೂರು ಮೊದಲು ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೈಸೂರು ಅಥವಾ ಬೆಂಗಳೂರು ನೋಡಿ.

ಸೋಮವಾರಪೇಟೆಯವರಿಗೆ ಮೈಸೂರು. ಶನಿವಾರಸಂತೆಯವರು ಹಾಸನ ಮೇಲೆ ಬೆಂಗಳೂರಿಗೆ ಹೋಗುವುದೇ ನೆಮ್ಮದಿ. ಕುಟ್ಟದವರಿಗೆ ತೋಲ್ಪೆಟ್ಟಿ, ಮಾನಂದವಾಡಿ ಮೇಲೂ ಕಣ್ಣೂರು ಕಡೆ ಇಳಿಯುವ ದಾರಿ ಇದೆ. ಭಾಗಮಂಡಲದವರು ಕರಿಕೆ ದಾರಿ ಹಿಡಿದರೆ ಕಾಞಂಗಾಡ್ ಕಡೆ ಹೋಗುತ್ತೀರಿ. ಏರ್‌ಪೋರ್ಟ್‌ಗೆ ಅದು ಸುತ್ತು.

ಮಾಕುಟ್ಟ ಘಾಟಿಯನ್ನು ಮಳೆಗಾಲದಲ್ಲಿ ನಂಬಬಹುದಾ?

ವಿರಾಜಪೇಟೆಯಿಂದ ಇರಿಟ್ಟಿ ಕಡೆ ಇಳಿಯುವ ಈ ಘಾಟಿಯನ್ನು ನಂಬಿ ಕೂರಬೇಡಿ. 2018ರ ಜೂನ್‌ನಲ್ಲಿ ಮಾಕುಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಜೋಡುಪಾಲ, ಸಂಪಾಜೆ ಕಡೆ ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿಯೂ ನಿಂತಿತು. ಒಂದೇ ಮಳೆಗಾಲದಲ್ಲಿ ಪಶ್ಚಿಮದ ಎರಡು ಏರ್‌ಪೋರ್ಟ್‌ಗಳ ದಾರಿಗೂ ಪೆಟ್ಟು ಬಿತ್ತು. ಆ ವರ್ಷವನ್ನು ಕೊಡಗಿನವರು ಯಾರೂ ಮರೆಯುವುದಿಲ್ಲ.

ಪೆರುಂಬಾಡಿ ಗೇಟು ದಾಟಿದ ಮೇಲೆ ಕೇರಳ ಗಡಿಯ ಕೂಟುಪುಳ ಸೇತುವೆ ತನಕ ಕಾಡಿನ ದಾರಿ. ತಿರುವು ಜಾಸ್ತಿ, ಅಂಗಡಿ ಕಡಿಮೆ, ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ಒಂದು ಮರ ಅಡ್ಡ ಬಿದ್ದರೆ ಕಡಿದು ತೆಗೆಯುವ ತನಕ ಕಾಯಬೇಕು. ಮಳೆಗಾಲದಲ್ಲಿ ಕಣ್ಣೂರಿನಿಂದಲೇ ಟಿಕೆಟ್ ಇದ್ದರೆ ಹಿಂದಿನ ಸಂಜೆಯೇ ಇಳಿದು ಇರಿಟ್ಟಿಯಲ್ಲೋ ಮಟ್ಟನೂರಿನಲ್ಲೋ ಉಳಿದುಕೊಳ್ಳಿ. ಒಂದು ರಾತ್ರಿಯ ರೂಮಿನ ಬಾಡಿಗೆ, ತಪ್ಪಿದ ವಿಮಾನದ ಟಿಕೆಟ್‌ಗಿಂತ ಕಡಿಮೆ. ವಿದೇಶಕ್ಕೆ ಕೆಲಸಕ್ಕೆ ಸೇರಲು ಹೊರಟವರಿಗಂತೂ ಇದನ್ನು ಕೈ ಮುಗಿದು ಹೇಳುತ್ತೇನೆ.

ಮಳೆಗಾಲದಲ್ಲಿ ವಿಮಾನಕ್ಕೂ ತೊಂದರೆ ಇದೆ. ಮೋಡ ಕೆಳಗೆ ಬಂದು ರನ್‌ವೇ ಕಾಣದಿದ್ದರೆ ಕಣ್ಣೂರಿಗೆ ಬರುವ ವಿಮಾನವನ್ನು ಬೇರೆ ಊರಿಗೆ ತಿರುಗಿಸುತ್ತಾರೆ. ಕರೆದುಕೊಂಡು ಬರಲು ಹೋಗುವವರು ವಿಮಾನ ಹೊರಟಿತಾ ಅಂತ ನೋಡಿಕೊಂಡೇ ಘಾಟಿ ಇಳಿಯಿರಿ.

ಮೈಸೂರು ಚಿಕ್ಕದು, ಕಣ್ಣೂರು ದೊಡ್ಡದು ಅಂತಾರೆ. ಎಷ್ಟು ವ್ಯತ್ಯಾಸ?

ತುಂಬ. ಕಣ್ಣೂರಿನ ರನ್‌ವೇ 3,050 ಮೀಟರ್. ದೊಡ್ಡ ಜೆಟ್‌ಗಳು ಆರಾಮಾಗಿ ಇಳಿಯುತ್ತವೆ. ಇದು ಶುರುವಾದದ್ದು 2018ರ ಡಿಸೆಂಬರ್ 9ರಂದು. ಮೊದಲ ದಿನವೇ ಅಬುಧಾಬಿಗೆ ವಿಮಾನ ಹೋಯಿತು. ಅದಕ್ಕೂ ಬಹಳ ಹಿಂದೆ, 1935ರಲ್ಲೇ, ಮುಂಬೈ–ತಿರುವನಂತಪುರ ನಡುವಿನ ಟಾಟಾ ವಿಮಾನ ಗೋವಾ ಮತ್ತು ಕಣ್ಣೂರಿನಲ್ಲಿ ಇಳಿಯುತ್ತಿತ್ತು. ಮೈಸೂರಿನ ನಿಲ್ದಾಣ ಮಹಾರಾಜರ ಕಾಲದ್ದು. ಈಗಿನ ರೂಪದಲ್ಲಿ ಉದ್ಘಾಟನೆ ಆದದ್ದು 2010ರ ಮೇ ತಿಂಗಳಲ್ಲಿ. ರನ್‌ವೇ ಉದ್ದ ಮಾಡಲು ನಂಜನಗೂಡು ಹೆದ್ದಾರಿಯೇ ಅಡ್ಡ ಇದೆ. ಅದು ಬಗೆಹರಿಯುವ ತನಕ ಮೈಸೂರಿಗೆ ಬೋಯಿಂಗ್, ಏರ್‌ಬಸ್ ಜೆಟ್‌ಗಳು ನಿತ್ಯ ಬರುವುದಿಲ್ಲ.

ಕಣ್ಣೂರಿನಿಂದ ಗಲ್ಫ್‌ಗೆ ಹೋಗಬಹುದಾ?

ಹೋಗಬಹುದು. ಆದರೆ ಭಾರತದ ವಿಮಾನ ಕಂಪನಿಗಳಲ್ಲಿ ಮಾತ್ರ. ವಿದೇಶಿ ಕಂಪನಿಗಳು ಅಲ್ಲಿಗೆ ಬರಲು ಬೇಕಾದ ಅನುಮತಿಯನ್ನು ಕೇಂದ್ರ ಸರ್ಕಾರ ಕೊಟ್ಟಿಲ್ಲ. ಅದಕ್ಕೇ ಇಷ್ಟು ದೊಡ್ಡ ರನ್‌ವೇ ಇದ್ದರೂ ವಿಮಾನಗಳ ಸಂಖ್ಯೆ ಕಡಿಮೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ ನಿಂತುಹೋದಾಗ ಕಣ್ಣೂರಿಗೆ ದೊಡ್ಡ ಹೊಡೆತ ಬಿತ್ತು. ದಕ್ಷಿಣ ಕೊಡಗಿನಿಂದ ಗಲ್ಫ್‌ನಲ್ಲಿ ದುಡಿಯುವವರು ಎಷ್ಟೊಂದು ಮಂದಿ ಇದ್ದಾರೆ! ಈ ಅನುಮತಿ ಸಿಕ್ಕರೆ ಕೇರಳದವರಷ್ಟೇ ಲಾಭ ಕೊಡಗಿನವರಿಗೂ ಇದೆ. ನಮ್ಮ ಕಡೆಯ ಜನಪ್ರತಿನಿಧಿಗಳೂ ಇದಕ್ಕಾಗಿ ಒತ್ತಾಯಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ವಿಮಾನದ ಕಿಟಕಿಯಿಂದ ಕೊಡಗು ಕಾಣುತ್ತದಾ?

ಬೆಂಗಳೂರು–ಕಣ್ಣೂರು ವಿಮಾನದಲ್ಲಿ ಕಾಣುವ ಸಾಧ್ಯತೆ ಇದೆ. ಆ ಎರಡರ ನಡುವಿನ ನೇರ ಗೆರೆ ಸುಮಾರು 275 ಕಿಲೋಮೀಟರ್, ಅದು ಗೋಣಿಕೊಪ್ಪದ ಹತ್ತಿರವೇ ಹಾದುಹೋಗುತ್ತದೆ. ಕಣ್ಣೂರಿಗೆ ಹೋಗುವಾಗ ಬಲಗಡೆಯ ಕಿಟಕಿ ತೆಗೆದುಕೊಳ್ಳಿ. ಮಡಿಕೇರಿ, ತಡಿಯಂಡಮೋಳ್ ಆ ಕಡೆ ಬರುತ್ತವೆ. ತಡಿಯಂಡಮೋಳ್ ಎತ್ತರ 1,748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಡಿಸೆಂಬರ್, ಜನವರಿಯ ತಿಳಿ ಹಗಲು ಒಳ್ಳೆಯದು. ಮಳೆಗಾಲದಲ್ಲಿ ಬರೀ ಬಿಳಿ ಮೋಡ.

ಕರ್ನಾಟಕದ ಟ್ಯಾಕ್ಸಿ ಕಣ್ಣೂರು ಏರ್‌ಪೋರ್ಟ್‌ಗೆ ಹೋಗಬಹುದಾ?

ಹೋಗಬಹುದು. ಹಳದಿ ಬೋರ್ಡಿನ ಗಾಡಿಗೆ ಕೇರಳಕ್ಕೆ ಪರ್ಮಿಟ್ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಪರ್ಮಿಟ್, ತೆರಿಗೆಯ ದುಡ್ಡು ಬಾಡಿಗೆಯಲ್ಲಿ ಸೇರಿದೆಯಾ ಅಂತಲೂ ಕೇಳಿ. ಚೆಕ್‌ಪೋಸ್ಟ್‌ನಲ್ಲಿ ಅದಕ್ಕಾಗಿ ನಿಂತು ಅರ್ಧ ಗಂಟೆ ಕಳೆದುಕೊಳ್ಳುವುದು ಬೇಡ.

ಕೊಡಗಿಗೇ ಏರ್‌ಪೋರ್ಟ್ ಬರುತ್ತದೆ ಅಂತಿದ್ದರಲ್ಲ?

ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ ಕಿರು ವಿಮಾನ ನಿಲ್ದಾಣದ ಪ್ರಸ್ತಾಪ ಇದೆ. ಅದು ಆದರೂ ಅಲ್ಲಿಗೆ ಬರುವುದು ಚಿಕ್ಕ ವಿಮಾನಗಳು. ದೆಹಲಿಗೋ ದುಬೈಗೋ ಹೋಗುವವರಿಗೆ ಮೈಸೂರು, ಕಣ್ಣೂರು, ಬೆಂಗಳೂರು ತಪ್ಪುವುದಿಲ್ಲ. ಕಾಯಿಲೆಯವರನ್ನು ತುರ್ತಾಗಿ ಸಾಗಿಸಲು, ಪ್ರವಾಹದ ಕಾಲದಲ್ಲಿ ನೆರವು ತಲುಪಿಸಲು ಅದು ನಿಜಕ್ಕೂ ಬೇಕು. ಹಾಗಂತ ಅದಕ್ಕಾಗಿ ಕಾಡು, ಗದ್ದೆ ಕಳೆದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ.

ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ಹಿಂದಿನಿಂದ ಲೆಕ್ಕ ಹಾಕಿ. ದೇಶದೊಳಗಿನ ವಿಮಾನಕ್ಕೆ ಚೆಕ್‌-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲು ಮುಚ್ಚುತ್ತದೆ. ಬೋರ್ಡಿಂಗ್ ಗೇಟ್ 25 ನಿಮಿಷ ಮೊದಲು. ವಿರಾಜಪೇಟೆಯಿಂದ ಕಣ್ಣೂರಿನ 11 ಗಂಟೆಯ ವಿಮಾನಕ್ಕೆ ಹೋಗುವುದಾದರೆ 9ಕ್ಕೆ ಏರ್‌ಪೋರ್ಟ್‌ನಲ್ಲಿರಬೇಕು. ಎರಡು ಗಂಟೆ ದಾರಿ, ಮುಕ್ಕಾಲು ಗಂಟೆ ಘಾಟಿಗೆ ಹೆಚ್ಚುವರಿ. ಅಂದರೆ 6.15ಕ್ಕೆ ಗಾಡಿ ಹತ್ತಿ. ವಿದೇಶದ ವಿಮಾನವಾದರೆ ಇನ್ನೂ ಒಂದು ಗಂಟೆ ಮೊದಲು.

ಮದುವೆಗೆ ಹೋಗುತ್ತಿದ್ದೇವೆ. ಪೀಚೆಕತ್ತಿ ತೆಗೆದುಕೊಂಡು ಹೋಗಬಹುದಾ? ಮನೆ ಸಾಮಾನು?

ಕೊಡವರು ಸಾಂಪ್ರದಾಯಿಕ ಉಡುಪಿನ ಜೊತೆ ತೊಡುವ ಪೀಚೆಕತ್ತಿ, ಒಡಿಕತ್ತಿ ಎರಡನ್ನೂ ಕೈಚೀಲದಲ್ಲಿ ಬಿಡುವುದಿಲ್ಲ. ಚೆನ್ನಾಗಿ ಸುತ್ತಿ ಚೆಕ್‌-ಇನ್ ಲಗೇಜಿನಲ್ಲಿ ಹಾಕಿ, ಕೌಂಟರ್‌ನಲ್ಲಿ ಮೊದಲೇ ಹೇಳಿ. ಸೊಂಟಕ್ಕೆ ಕಟ್ಟಿಕೊಂಡು ಹೋಗಿ ಸೆಕ್ಯುರಿಟಿಯಲ್ಲಿ ಬಿಚ್ಚಿ ಕೊಡಬೇಕಾಗಿ ಬಂದರೆ ತಲೆಮಾರಿನ ಕತ್ತಿ ಕೈ ತಪ್ಪುತ್ತದೆ. ಕಾಚಂಪುಳಿ (ಅಡುಗೆಗೆ ಹಾಕುವ ಹುಳಿ ರಸ), ಜೇನು, ಉಪ್ಪಿನಕಾಯಿ ಕೂಡ ಚೆಕ್‌-ಇನ್‌ಗೇ ಹೋಗಲಿ. ಬಾಟಲಿಗೆ ಎರಡು ಪದರ ಪ್ಲಾಸ್ಟಿಕ್ ಸುತ್ತಿ. ಕಾಫಿ ಪುಡಿ, ಕಾಳುಮೆಣಸಿಗೆ ದೇಶದೊಳಗೆ ತೊಂದರೆ ಇಲ್ಲ. ಒಣ ಕೊಬ್ಬರಿ ಬೇಗ ಬೆಂಕಿ ಹಿಡಿಯುವ ವಸ್ತು, ಅದನ್ನು ಬಿಡುವುದಿಲ್ಲ. ಗಲ್ಫ್‌ಗೆ ಹೋಗುವವರು ಗಸಗಸೆಯನ್ನು ಒಂದು ಚಿಟಿಕೆಯೂ ಒಯ್ಯಬೇಡಿ. ಯುಎಇ, ಸೌದಿ, ಕತಾರ್‌ನಲ್ಲಿ ಅದು ನಿಷೇಧ, ಸಿಕ್ಕಿಬಿದ್ದರೆ ಜೈಲು. ಅಮ್ಮ ಕಟ್ಟಿಕೊಟ್ಟ ಮಸಾಲೆ ಪುಡಿಯಲ್ಲಿ ಗಸಗಸೆ ಸೇರಿದೆಯಾ ಅಂತ ಮನೆಯಲ್ಲೇ ಕೇಳಿಕೊಂಡು ಹೊರಡಿ.